14 ಸೆಂಟಿನ ತಪ್ಪು

ಯೂಟ್ಯೂಬ್ ನೋಡಿ ಹಳೇ ಎಲೆಕ್ಟ್ರಿಕ್ ಗಿಟಾರೊಂದನ್ನು ರಿಪೇರಿ ಮಾಡಿದವನಿಗೆ ಬರುವ ಧೈರ್ಯ ಇದೆಯಲ್ಲ, ಅದು ಅಪಾಯಕಾರಿ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಗಿಟಾರ್ ಕೊಂಡು, ತುಕ್ಕು ಹಿಡಿದ ತಂತಿ ಕಿತ್ತು, ಕರಕರ ಅನ್ನುತ್ತಿದ್ದ ವಾಲ್ಯೂಮ್ ಗುಂಡಿ ಬದಲಿಸಿ, ಬಿಟ್ಟುಹೋಗಿದ್ದ ವೈರನ್ನು ಬೆಸೆದು ಅದನ್ನು ಮತ್ತೆ ಹಾಡಿಸಿದ್ದೆ. ಅದೇ ಗುಂಗಿನಲ್ಲಿ ಇಳಕಲ್ಲಿಗೆ ಹೋದಾಗ ಮಾಮಾ ಅಟ್ಟದ ಕಡೆ ಕೈ ತೋರಿಸಿ, "ಅಳಿಯಾ, ಅಷ್ಟ ಶ್ಯಾಣ್ಯಾ ಆಗಿದ್ರ ಇದನ್ನೊಂದ ಹಾಡಸು, ನೋಡೂಣು" ಅಂದರು.

ಗೋಣಿಚೀಲ ತೆಗೆದರೆ ಒಳಗಿದ್ದದ್ದು ಲೆಗ್ ಹಾರ್ಮೋನಿಯಂ. ನಮ್ಮ ಕಡೆ ಹಾರ್ಮೋನಿಯಂ ಅಂದರೆ ಪೇಟಿ, ನುಡಿಸುವವರು ಪೇಟಿ ಮಾಸ್ತರ್. ಇದು ಕಾಲಿನಿಂದ ತುಳಿದು ನುಡಿಸುವ ಪೇಟಿ. ತಿದಿಯ ಬಟ್ಟೆಯನ್ನು ಇಲಿ ತಿಂದಿತ್ತು. ತುಳಿಯುವ ಹಲಗೆಯ ಪಟ್ಟಿ ಹರಿದಿತ್ತು. ಒಳಗಿನ ಹಿತ್ತಾಳೆ ರೀಡುಗಳಿಗೆ ಕಿಲುಬು. ಬನಶಂಕರಿ ಜಾತ್ರೆಗೆ ಬಂದು ಅಲ್ಲೇ ಮುರಿದುಬಿದ್ದ ಒಂದು ನಾಟಕ ಕಂಪನಿಯಿಂದ ಅಜ್ಜ ಇದನ್ನು ಕೊಂಡು ತಂದರಂತೆ. ಕಂಪನಿ ಯಾವುದು, ಎಷ್ಟು ಕೊಟ್ಟರು, ಯಾವುದೂ ಮಾಮಾಗೆ ನೆನಪಿಲ್ಲ.

ಹಾರ್ಮೋನಿಯಂ ನಮ್ಮದೇ ವಾದ್ಯ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದಕ್ಕೆ ಪೇಟೆಂಟ್ ಪಡೆದದ್ದು ಅಲೆಕ್ಸಾಂದ್ರ್ ದೆಬೆಯ್ನ್, 1842ರಲ್ಲಿ, ಪ್ಯಾರಿಸ್ಸಿನಲ್ಲಿ. ದೊಡ್ಡ ಪೈಪ್ ಆರ್ಗನ್ ಕೊಳ್ಳಲು ಆಗದ ಸಣ್ಣ ಚರ್ಚುಗಳಿಗೆ ಅದು ಒದಗಿತು. 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ಕುಗ್ಗಿಸಿ, ತಿದಿಯನ್ನು ಹಿಂದಕ್ಕೆ ತಂದು, ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದರಲ್ಲಿ ನುಡಿಸುವ ಹಾಗೆ ಮಾಡಿದರು. ಭಜನೆಗೆ ಬಂದದ್ದು ಅದು. ನಾಟಕದವರು ಮಾತ್ರ ಕಾಲಿನ ಪೇಟಿಯನ್ನು ಬಿಡಲಿಲ್ಲ. ಅದರಲ್ಲಿ ಎರಡೂ ಕೈ ಖಾಲಿ ಇರುತ್ತವೆ, ದನಿಯೂ ಜೋರು. ಮೈಕ್ ಇಲ್ಲದ ಕಾಲದಲ್ಲಿ ತಗಡಿನ ಥಿಯೇಟರಿನ ಕೊನೇ ಸಾಲಿಗೂ ಕೇಳಬೇಕಲ್ಲ.

ನಮ್ಮ ಸೀಮೆಗೆ ಪೇಟಿ ಬಂದದ್ದು ನಾಟಕದ ಗಾಡಿ ಹತ್ತಿಕೊಂಡೇ. 1870ರ ದಶಕದಲ್ಲಿ ಇಲ್ಲೆಲ್ಲ ಮರಾಠಿ ನಾಟಕಗಳ ಭರಾಟೆ. ಅದಕ್ಕೆ ಉತ್ತರವಾಗಿ ಶಾಂತಕವಿಗಳು ಗದಗಿನಲ್ಲಿ ಕನ್ನಡ ಮಂಡಳಿ ಕಟ್ಟಿದರು. ಮಜಾ ಅಂದ್ರೆ, 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಹೊಸ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಮುಂದೆ ಹುನಗುಂದ ತಾಲೂಕಿನ ಕಂದಗಲ್ಲಿನಿಂದ ಹನುಮಂತರಾಯರು ಬಂದರು. ಅವರ 'ರಕ್ತರಾತ್ರಿ'ಯ ಮಾತುಗಳನ್ನು ಉರು ಹೊಡೆದವರು ಈ ಕಡೆಯ ಹಳ್ಳಿಗಳಲ್ಲಿ ಈಗಲೂ ಸಿಗುತ್ತಾರೆ. ಬೀಳಗಿಯ ಗೋಹರ್‌ಬಾಯಿ, ಅಮೀರ್‌ಬಾಯಿ ಅಕ್ಕತಂಗಿಯರು ಹಾಡುತ್ತ ಹಾಡುತ್ತ ಬೊಂಬಾಯಿ ಮುಟ್ಟಿದರು. ಅಮೀರ್‌ಬಾಯಿ 1943ರ 'ಕಿಸ್ಮತ್' ಸಿನಿಮಾದಿಂದ ದೇಶಕ್ಕೇ ಗೊತ್ತಾದರು. ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಕಂಪನಿ ನಾಟಕ ನಡೆಯುತ್ತವೆ. ಈಗ ರಂಗದ ಮುಂದಿನ ಜಾಗದಲ್ಲಿ ಕೀಬೋರ್ಡು, ರಿದಂ ಪ್ಯಾಡು. ಕಾಲಿನ ಪೇಟಿ ಅಟ್ಟ ಸೇರಿದ್ದು ಹೀಗೆ.

ಎರಡು ದಿನ ಬ್ರಶ್ ಹಿಡಿದು ಧೂಳು ತೆಗೆದೆ. ಹರಿದ ಕಡೆ ತಾತ್ಕಾಲಿಕವಾಗಿ ಬಟ್ಟೆ ಅಂಟಿಸಿ ತುಳಿದರೆ ಏದುಸಿರು ಬಿಡುತ್ತ ದನಿ ಬಂತು! ಮೊಬೈಲಿನಲ್ಲಿ ಗಿಟಾರ್ ಟ್ಯೂನರ್ ಆಪ್ ತೆಗೆದು ಒಂದೊಂದೇ ಪಟ್ಟಿ ಒತ್ತಿ ಬರೆದುಕೊಂಡೆ. ಒಂದು ಪಟ್ಟಿಯಿಂದ ಪಕ್ಕದ ಪಟ್ಟಿಗೆ 100 ಸೆಂಟ್ ಅಂತರ ಇರಬೇಕು, ಗಿಟಾರಿನ ಫ್ರೆಟ್ಟುಗಳ ಹಾಗೇ. ಇಲ್ಲಿ ಬಿಳಿ ಒಂದು ಸುಮಾರು 14 ಸೆಂಟ್ ಕೆಳಗೆ, ಬಿಳಿ ನಾಲ್ಕು 16, ಬಿಳಿ ಐದು 12. ಕರಿ ನಾಲ್ಕು ಮಾತ್ರ ಕರೆಕ್ಟಾಗಿ ಗೆರೆಯ ಮೇಲಿತ್ತು. ವಯಸ್ಸಾಗಿದೆ, ಶ್ರುತಿ ಇಳಿದಿದೆ ಅಂತ ತೀರ್ಮಾನಿಸಿದೆ. ರೀಡಿನ ನಾಲಿಗೆಯ ತುದಿಯನ್ನು ಸ್ವಲ್ಪ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಅರ ಸಿಕ್ಕಿದ್ದರೆ ಅವತ್ತೇ ಕೆರೆದುಬಿಡುತ್ತಿದ್ದೆ. ಗಿಟಾರಿನ ತಂತಿ ತಪ್ಪು ಬಿಗಿದರೆ ಸಡಿಲಿಸಬಹುದು. ಕೆರೆದ ಹಿತ್ತಾಳೆ ವಾಪಸು ಬರಲ್ಲ.

ಪುಣ್ಯಕ್ಕೆ ತಿದಿ ಹೊಲಿಯುವುದು ನನ್ನಿಂದ ಆಗಲಿಲ್ಲ. ಪೇಟಿಯನ್ನು ಟಂಟಂನಲ್ಲಿ ಹೇರಿ, ಹುನಗುಂದ ದಾಟಿ, ಬಾಗಲಕೋಟೆಯಲ್ಲಿ ಪೇಟಿ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ಒಯ್ದೆ. ನನ್ನ ಲೆಕ್ಕದ ಹಾಳೆ ಕೊಟ್ಟು, "ಕಾಕಾ, ಇಷ್ಟೂ ಪಟ್ಟಿ ಸರಿ ಮಾಡ್ರಿ" ಅಂದೆ. ಅವರು ಹಾಳೆ ನೋಡಲಿಲ್ಲ. ಎಡಗೈಯಲ್ಲಿ ಕರಿ ನಾಲ್ಕು ಒತ್ತಿ ಹಿಡಿದು, ಬಲಗೈಯಲ್ಲಿ ಬಿಳಿ ಒಂದು ಒತ್ತಿದರು. ಎರಡು ದನಿ ಒಂದಕ್ಕೊಂದು ಕರಗಿ ನಿಂತುಬಿಟ್ಟವು. ಒಂಚೂರೂ ಅಲುಗಾಟ ಇಲ್ಲ.

"ಎಲ್ಲಿ ತಪ್ಪೈತ್ರಿ ಸರ? ಇದು ಕರಿ ನಾಕಕ್ಕ ಕೂಡಿಸಿದ್ದ ಪೇಟಿ. ಗಂಧಾರ ಹೆಂಗ ಬೇಕೋ ಹಂಗ ಐತಿ."

ಈ 14 ಸೆಂಟಿಗಾಗಿ ದೊಡ್ಡ ಜಗಳವೇ ನಡೆದಿದೆ. ಷಡ್ಜದೊಂದಿಗೆ ಸಹಜವಾಗಿ ಬೆರೆಯುವ ಗಾಂಧಾರ 386 ಸೆಂಟಿನಲ್ಲಿದೆ. ಪಿಯಾನೊ, ಗಿಟಾರ್, ಕೀಬೋರ್ಡುಗಳ ಗಾಂಧಾರ 400ರಲ್ಲಿ. ಎಲ್ಲ ಶ್ರುತಿಯಲ್ಲೂ ಹಾಡು ನುಡಿಸಲು ಬರಲಿ ಅಂತ ಯುರೋಪಿನವರು ಸಪ್ತಕವನ್ನು 12 ಸಮ ಪಾಲು ಮಾಡಿಕೊಂಡ ರಾಜಿ ಅದು. ಸಾಂಗಲಿಯಲ್ಲಿದ್ದ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೃಷ್ಣಾಜಿ ಬಲ್ಲಾಳ ದೇವಲ್ 1910ರಲ್ಲಿ 22 ಶ್ರುತಿಗಳ ಬಗ್ಗೆ ಪುಸ್ತಕ ಬರೆದರು. ಅದರ ಬೆನ್ನಿಗೇ 'ಶ್ರುತಿ ಹಾರ್ಮೋನಿಯಂ' ಕೂಡ ತಯಾರಾಯಿತು. 1938ರಲ್ಲಿ ದೆಹಲಿ ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿದ್ದ ಜಾನ್ ಫೋಲ್ಡ್ಸ್ ಹಾರ್ಮೋನಿಯಂ ವಿರುದ್ಧ ಲೇಖನ ಬರೆದು 'ಹಾರ್ಮ್-ಓನಿಯಂ' ಅಂತ ಹೆಸರಿಟ್ಟರು. 1940ರ ಮಾರ್ಚ್ 1ರಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂ ಬಂದ್. ಟಾಗೋರರದ್ದೂ ಅದೇ ಅಭಿಪ್ರಾಯ. ಮೀಂಡ್ ಬರಲ್ಲ, ಸ್ವರಗಳು ನಮ್ಮವಲ್ಲ ಅನ್ನುವುದು ಆರೋಪ. ನಿಷೇಧ ಸಡಿಲಾಗಲು 1970ರ ದಶಕ ಬರಬೇಕಾಯಿತು, ಆಗಲೂ ಷರತ್ತುಗಳ ಮೇಲೆ.

ಮೀಂಡಿನ ಮಾತು ನಿಜ. ಸ್ವರಗಳ ಮಾತು ಅರ್ಧ ನಿಜ ಅಷ್ಟೇ. ಪ್ಯಾರಿಸ್ಸಿನಲ್ಲಿ ಹೇಗೇ ಕೂಡಿಸಿ ಕಳಿಸಿರಲಿ, ಕಿವಿ ಇದ್ದವನ ಕೈಗೆ ಒಂದು ಅರ ಸಿಕ್ಕರೆ ಸ್ವರ ನಮ್ಮದಾಗುತ್ತದೆ. ನನ್ನ ಮುಂದಿದ್ದ ಪೇಟಿಯನ್ನು ಹಾಗೆ ಯಾರೋ ಕೆರೆದಿದ್ದರು, ಬಹುಶಃ ಆಪಿಗಿಂತ ನಿಖರವಾಗಿ. ದೇವಲರ ಪುಸ್ತಕ ಓದಿದವರೇನಲ್ಲ ಅನ್ನಿಸುತ್ತದೆ. ನಾನು ಅದನ್ನೇ ಕೆಟ್ಟಿದೆ ಅಂತ ಅಳಿಸಲು ಹೊರಟಿದ್ದೆ.

ಆದರೆ ಹೀಗೆ ಕೂಡಿಸಿದರೆ ಒಂದು ತೊಡಕಿದೆ. ಕರಿ ನಾಲ್ಕರ ಷಡ್ಜಕ್ಕೆ ಸರಿಹೋದ ಪೇಟಿ ಬೇರೆ ಷಡ್ಜಕ್ಕೆ ಒಗ್ಗಲ್ಲ. ನಾಟಕದಲ್ಲಿ ಹತ್ತು ಪಾತ್ರ, ಹತ್ತು ದನಿ. ಇಂಥ ಪೇಟಿ ಇಟ್ಟುಕೊಂಡರೆ ಕಂಪನಿ ನಡೆಯುವುದಿಲ್ಲ. ಹಾಗಾದರೆ ಇದು ಒಬ್ಬರಿಗಾಗಿ ಕೂಡಿಸಿದ್ದಾ ಅಂತ ಕೇಳಿದೆ.

"ಹೌದ್ರಿ. ಕರಿ ನಾಕಂದ್ರ ಹೆಣ್ಣಮಕ್ಕಳ ಪಟ್ಟಿ. ಇಲ್ಲಾ ಸ್ತ್ರೀಪಾರ್ಟು ಮಾಡಾವ್ರ ಪಟ್ಟಿ. ಹಿಂದಕ ಮೈಕ್ ಇದ್ದಿದ್ದಿಲ್ಲ, ಗಂಡಸ್ರೂ ಮ್ಯಾಲೇ ಹಾಡತಿದ್ರು. ಯಾರಂತ ಹೆಂಗ ಹೇಳೂದು?"

ಇಳಕಲ್ಲಿಗೆ ಫೋನ್ ಮಾಡಿದೆ. ಅಜ್ಜ ಹಾಡುತ್ತಿದ್ದರಾ? "ಇಲ್ಲ, ಬರೇ ಬಾರಿಸ್ತಿದ್ದ." ಅಜ್ಜಿ? ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವ್ವ ಹಾಡಿದ್ದು ನಾ ಅಂತೂ ಕೇಳಿಲ್ಲಪಾ." ಅಜ್ಜ ಕೊಳ್ಳುವ ಮೊದಲೇ ಹೀಗಿತ್ತೋ, ಆಮೇಲೆ ಆದದ್ದೋ, ಪೇಟಿಯನ್ನು ನೋಡಿ ಹೇಳಲು ಬರುವುದಿಲ್ಲ.

ಕಾಕಾ ತಿದಿಗೆ ಹೊಸ ಬಟ್ಟೆ ಹಾಕಿದರು, ಹಲಗೆಗೆ ಪಟ್ಟಿ ಹೊಲಿಸಿದರು. ಎರಡು ರೀಡು ಸೀಳಿದ್ದವು. ಅವಕ್ಕೆ ತಮ್ಮ ಹತ್ತಿರವಿದ್ದ ಹಳೇ ಡಬ್ಬಿಯಿಂದ ಬೇರೆ ರೀಡು ಆರಿಸಿ, ಕಿವಿಗೆ ಹಿಡಿದು, ಕೆರೆದು, ಮತ್ತೆ ಹಿಡಿದು, ಉಳಿದವುಗಳ ಸಾಲಿಗೆ ಕೂಡಿಸಿದರು. ಅರ್ಧ ದಿನ ಹಿಡಿಯಿತು. ಮೊಬೈಲ್ ಕೊಡಲು ಹೋದರೆ ಬೇಡ ಅಂದರು.

ಪೇಟಿ ಈಗ ಇಳಕಲ್ಲಿನ ಪಡಸಾಲೆಯಲ್ಲಿದೆ. ಹೋದ ತಿಂಗಳು ಗಿಟಾರ್ ಒಯ್ದು, ಮಾಮಾ ಪೇಟಿ ತುಳಿಯುವಾಗ ಜೊತೆಗೆ ಬಾರಿಸಿ ನೋಡಿದೆ. ಷಡ್ಜ, ಪಂಚಮ ಹೊಂದಿದವು. ಗಾಂಧಾರ ಬಂದಾಗಲೆಲ್ಲ ಎರಡೂ ಕಚ್ಚಾಡಿದವು. "ನಿನ್ನ ಗಿಟಾರ್ ರಿಪೇರಿ ಆಗಿಲ್ಲೇನೋ?" ಅಂತ ಮಾಮಾ ಕೇಳಿದರು. ಒಂದು ತಂತಿಯನ್ನು ಸ್ವಲ್ಪ ಇಳಿಸಿಕೊಂಡೆ.