ಕೊಳೆಯ ಚರಿತ್ರೆ, ಮಣ್ಣಿನ ಮದ್ದು

ಬಾಳೂರಿನ ಕಡೆ 'ಕೊಳೆ' ಎಂಬ ಮಾತಿಗೆ ನಿಘಂಟಿನ ಅರ್ಥ ಸಾಲದು. ಆಷಾಢದ ಮಳೆ ಹಿಡಿದು ನಿಂತರೆ ಕಾಫಿಯ ಎಲೆ ಕೊಳೆಯುತ್ತದೆ, ಅಡಕೆಯ ಎಳೆಗಾಯಿ ಉದುರುತ್ತದೆ. ಮಳೆಯಿಲ್ಲದ ಬೇಸಗೆಯಲ್ಲಿಯೂ ಬಿತ್ತನೆಗೆಂದು ಗುಂಡಿಯಲ್ಲಿ ಕಾದಿರಿಸಿದ ಶುಂಠಿ ಮೆತ್ತಗಾಗಿ ನಾರುವುದುಂಟು. ಬೀಜವೇ ಕೊಳೆತರೆ ಕಳೆದ ವರ್ಷದ ದುಡಿಮೆಯೂ ಬರುವ ವರ್ಷದ ಬೆಳೆಯೂ ಒಟ್ಟಿಗೆ ಹೋದಂತೆ.

ನಮ್ಮ ಈ ಮಾತು ಶಾಸ್ತ್ರಗ್ರಂಥಗಳನ್ನೂ ಸೇರಿದೆ. ಮೈಸೂರಿನ ಕಾಫಿಯ ಎಲೆಗಳನ್ನು ಕೊಳೆಯಿಸುತ್ತಿದ್ದ ಬೂಷ್ಟಿಗೆ ಇಂಗ್ಲೆಂಡಿನ ಎಂ. ಸಿ. ಕುಕ್ ಅವರು 1876ರಲ್ಲಿ 'ಪೆಲ್ಲಿಕ್ಯುಲೇರಿಯ ಕೊಳೆರೋಗ' ಎಂದು ಹೆಸರಿಟ್ಟರು. ಲ್ಯಾಟಿನ್ ನಾಮದ ಬೆನ್ನಿಗೆ ಅಚ್ಚ ಮಲೆನಾಡಿನ ಮಾತು! ಅಡಕೆಯ ಕೊಳೆರೋಗಕ್ಕೆ ಕಾರಣವಾದ ಜೀವಿ ಬೇರೆ. ಹೆಸರು ಮಾತ್ರ ಒಂದೇ. ಹಿಂದೆ ಅದಕ್ಕೆ ಗೊನೆಗಳಿಗೆ ಕೊಟ್ಟೆ ಕಟ್ಟುವುದೇ ಉಪಾಯವಾಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಆ ರೋಗದ ಕುರಿತು ಗ್ರಂಥವನ್ನೇ ಬರೆದು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ತೋಟಗಳಲ್ಲಿ ಬಳಕೆಗೆ ತಂದರು. ಬಾಳೂರಿಗೆ ದೂರವಲ್ಲದ ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಪ್ರಯೋಗಶಾಲೆ ಆರಂಭವಾದುದೂ ಅವರಿಂದಲೇ.

ತುತ್ತದ ನೀರು ನಿಂತ ಬೆಳೆಗೆ ಸರಿ. ಕೊಯ್ದು ಕೂಡಿಟ್ಟ ಪದಾರ್ಥಕ್ಕೆ ಏನು ಮಾಡುವುದು? ಇದಕ್ಕೆ ಉತ್ತರ ದೊರೆತುದು ಮಣ್ಣಿನಲ್ಲಿ. ಮಣ್ಣಿನಲ್ಲಿಯೂ ಒಣಹುಲ್ಲಿನಲ್ಲಿಯೂ ಬಾಳುವ ಒಂದು ಜೀವಾಣುವಿಗೆ ಜರ್ಮನಿಯ ಫರ್ಡಿನೆಂಡ್ ಕೋನ್ 1872ರಲ್ಲಿ 'ಬ್ಯಾಸಿಲಸ್ ಸಬ್ಟಿಲಿಸ್' ಎಂಬ ಹೆಸರು ಕೊಟ್ಟಿದ್ದರು. ಕೊಯ್ದ ಪೀಚ್ ಹಣ್ಣುಗಳನ್ನು ಅದು ಕಂದುಗೊಳೆಯಿಂದ ಕಾಪಾಡಬಲ್ಲುದೆಂದು ಅಮೆರಿಕದ ಪ್ಯೂಸಿ ಮತ್ತು ವಿಲ್ಸನ್ 1984ರಲ್ಲಿ ತೋರಿಸಿದರು. ಅದು ಸ್ರವಿಸುವ 'ಇಟುರಿನ್' ಬೂಷ್ಟಿನ ಜೀವಕೋಶದ ಪೊರೆಯನ್ನು ಭೇದಿಸುತ್ತದೆ. ಈ ಹೆಸರೂ ಒಂದು ಊರಿನ ನೆನಪೇ: ಕಾಂಗೋ ದೇಶದ ಇಟುರಿ ಸೀಮೆಯ ಮಣ್ಣಿನದು.

ಇಂದು ಬ್ಯಾಸಿಲಸ್, ಸೂಡೊಮೋನಾಸ್ ಜೀವಾಣುಗಳ ಪುಡಿ ನಮ್ಮ ರೈತರಿಗೂ ದೊರೆಯುತ್ತದೆ. ಬಿತ್ತನೆಯ ಗಡ್ಡೆಯನ್ನು ಅದರ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಆರಿಸುವುದುಂಟು. ಆದರೆ ಇದು ಕಾವಲುಗಾರನೇ ಹೊರತು ಸಂಜೀವಿನಿಯಲ್ಲ. ಕೊಳೆತ ಗಡ್ಡೆಯನ್ನು ಅದು ಬದುಕಿಸದು. ಅದನ್ನು ಮೊದಲೇ ಆರಿಸಿ ಎಸೆಯಬೇಕು. ತುತ್ತದೊಡನೆ ಬೆರೆಸಿದರೆ ಕಾಯುವ ಜೀವಾಣುವೇ ಸಾಯಬಹುದು. ಗುಂಡಿಯಲ್ಲಿ ನೀರು ನಿಲ್ಲದಂತೆ, ಗಾಳಿಯಾಡುವಂತೆ ನೋಡಿಕೊಂಡ ಹಿರಿಯರ ಎಚ್ಚರ ಹಳತಾಗಿಲ್ಲ. ಕೊಳೆಯಿಸುವವನೂ ಕಾಯುವವನೂ ಒಂದೇ ಮಣ್ಣಿನ ಮಕ್ಕಳು. ಯಾರಿಗೆ ಎಡೆ ಕೊಡಬೇಕೆಂಬುದು ನಮ್ಮ ಕೈಯಲ್ಲಿದೆ.