ಕುಣಿತಕ್ಕೆ ಅಂಕ ಬಂದ ಬಗೆ

ಓಟದಲ್ಲಿ ಮುಂದೆ ಬಂದವನು ಗೆದ್ದ, ಅದರಲ್ಲಿ ತಕರಾರಿಲ್ಲ. ಕುಣಿತದಲ್ಲಿ ಗೆದ್ದವರು ಯಾರೆಂದು ಹೇಳುವುದು ಹೇಗೆ? ಕೇರಳದ ಶಾಲಾ ಕಲೋತ್ಸವದ ಚರಿತ್ರೆಯೆಂದರೆ ಈ ಪ್ರಶ್ನೆಯ ಚರಿತ್ರೆಯೇ.

1956ರ ನವೆಂಬರಿನಲ್ಲಿ ಕೇರಳ ರಾಜ್ಯ ಉದಯವಾಯಿತು. ಮರು ಜನವರಿಯಲ್ಲೇ, ಅಂದರೆ 1957ರಲ್ಲಿ, ಎರ್ನಾಕುಲಂನಲ್ಲಿ ಮೊದಲ ಯುವಜನೋತ್ಸವ ನಡೆಯಿತು. ದೆಹಲಿಯ ವಿಶ್ವವಿದ್ಯಾಲಯಗಳ ಕಲೋತ್ಸವದಿಂದ ಪ್ರೇರಣೆ ಪಡೆದು ಇದನ್ನು ಯೋಜಿಸಿದವರು ಆಗಿನ ವಿದ್ಯಾ ಇಲಾಖೆಯ ನಿರ್ದೇಶಕ ಸಿ. ಎಸ್. ವೆಂಕಟೇಶ್ವರನ್. ಹೊಸ ರಾಜ್ಯದ ಮಕ್ಕಳು ಒಂದೆಡೆ ಸೇರಲಿ ಎಂಬುದು ಆಗಿನ ಆಶಯ.

ಇದಕ್ಕೆ ಪಂದ್ಯಾಟದ ಕಾವು ಏರಿದ್ದು 1980ರ ದಶಕದಲ್ಲಿ. 1986ರಲ್ಲಿ ಕಲಾಪ್ರತಿಭಾ, ಕಲಾತಿಲಕ ಎಂಬ ಬಿರುದುಗಳು ಬಂದವು. ಮೊದಲ ಕಲಾಪ್ರತಿಭಾ ವಿನೀತ್ ಮುಂದೆ ಚಿತ್ರನಟರಾದರು. ಅದೇ ದಶಕದಲ್ಲಿ, ಕವಿ ವೈಲೋಪ್ಪಿಳ್ಳಿಯವರ ಸಲಹೆಯಂತೆ, ಗೆದ್ದ ಜಿಲ್ಲೆಗೆ 117.5 ಪವನಿನ ಚಿನ್ನದ ಕಪ್ಪು ಸಿದ್ಧವಾಯಿತು. ಪವನಿಗೆ 8 ಗ್ರಾಂ ಹಿಡಿದರೆ 940 ಗ್ರಾಂ ಚಿನ್ನ! ಪರೀಕ್ಷೆಗೆ ಗ್ರೇಸ್ ಮಾರ್ಕೂ ಸೇರಿತು.

ಆಮೇಲೆ ಕೇಳಬೇಕೆ? ಗುರುಗಳ ಸಂಭಾವನೆ, ಉಡುಪು, ಬಣ್ಣ, ಒಡವೆ, ಹಿಮ್ಮೇಳ ಎಂದು ಹೆತ್ತವರ ಖರ್ಚು ಬೆಳೆಯಿತು. ತೀರ್ಪಿನ ಮೇಲೆ ಅಪೀಲು, ಅಪೀಲಿನ ಮೇಲೆ ಕೋರ್ಟು. 2006ರ ಹೊತ್ತಿಗೆ ಬಿರುದುಗಳು ನಿಂತವು. ಒಂದು, ಎರಡು, ಮೂರು ಸ್ಥಾನಗಳ ಬದಲು ಗ್ರೇಡು ಬಂತು. ಆದರೆ ಜಿಲ್ಲೆಗಳ ಅಂಕಪಟ್ಟಿ ಉಳಿಯಿತು. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ತೃಶೂರಿಗೆ 1008, ಪಾಲಕ್ಕಾಡಿಗೆ 1007. ಒಂದೇ ಅಂಕದಲ್ಲಿ ಕಪ್ಪು ಹೋಯಿತು!

ಈ ಅಂಕದಿಂದ ಕೆಡುಕೇ ಆಯಿತೆಂದು ಹೇಳುವಂತಿಲ್ಲ. 1991ರಲ್ಲಿ ಕಾಸರಗೋಡಿನಲ್ಲಿ, 2019ರಲ್ಲಿ ಕಾಞಂಗಾಡಿನಲ್ಲಿ ಉತ್ಸವ ನಡೆಯಿತು. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಯಕ್ಷಗಾನಕ್ಕೆ ಮಲಯಾಳ ನಾಡಿನ ವೇದಿಕೆ ಸಿಕ್ಕಿತು. ಕನ್ನಡ ಪದ್ಯ ಹೇಳುವ ಸ್ಪರ್ಧೆಯೂ ಇದೆ.

2025ರಲ್ಲಿ ಐದು ಬುಡಕಟ್ಟು ಕುಣಿತಗಳು ಸ್ಪರ್ಧೆಗೆ ಸೇರಿದವು. ವಯನಾಡಿನವರಿಗೆ ಪರಿಚಿತವಾದ ಪಣಿಯ ನೃತ್ಯ ಅದರಲ್ಲೊಂದು. ನಮ್ಮ ಜಿಲ್ಲೆಯ ಮಾವಿಲರು, ಮಲವೆಟ್ಟುವರು ಕುಣಿಯುವ ಮಂಗಲಂಕಳಿ ಇನ್ನೊಂದು. ಮದುವೆ ಚಪ್ಪರದಲ್ಲಿ ತುಡಿ ಬಾರಿಸಿ, ತುಳು ಹಾಡು ಹೇಳಿ, ಗಂಡಸರು ಹೆಂಗಸರು ಸುತ್ತು ಕುಣಿಯುವ ಆಟವದು. ಅಲ್ಲಿ ತೀರ್ಪುಗಾರರಿಲ್ಲ, ಗಡಿಯಾರವಿಲ್ಲ. ಇಷ್ಟು ಕಾಲ ಯಾರೂ ಗಣಿಸದ ಕುಣಿತವನ್ನು ಈಗ ದೂರದ ಜಿಲ್ಲೆಯ ಮಕ್ಕಳೂ ಗುರುವಿಟ್ಟು ಕಲಿಯುತ್ತಾರೆ. ಇದು ಸಣ್ಣ ಗೌರವವಲ್ಲ.

ಆದರೆ ಅಂಕದ ಹಾಳೆಯಲ್ಲಿ ಹೆಜ್ಜೆಗೆ, ತಾಳಕ್ಕೆ, ವೇಷಕ್ಕೆ ಜಾಗವಿದೆ. ಮದುಮಕ್ಕಳಿಗೆ ಹರಸುವುದಕ್ಕೆ ಜಾಗವಿಲ್ಲ. ನಮ್ಮ ಮಕ್ಕಳು ಎ ಗ್ರೇಡ್ ತರಲಿ, ಸಂತೋಷ. ನೆರೆಮನೆಯ ಮದುವೆಯಲ್ಲಿ ತುಡಿ ಕೇಳಿದಾಗಲೂ ಅವರ ಕಾಲು ಏಳಬೇಕು. ಅದನ್ನು ಕಲಿಸುವ ಕೆಲಸ ಶಾಲೆಯದಲ್ಲ, ಹಿರಿಯರಾದ ನಮ್ಮದು.