ಐದು ದಿನದ ಚೀಲ

ರಾಯಚೂರು ಜಿಲ್ಲೆಯ ಬಳಗಾನೂರಿನಲ್ಲಿ ಯಾರಿಗಾದರೂ ಡೆಂಗಿ ಬಂದು ‘ಪ್ಲೇಟ್‌ಲೆಟ್ ಇಳಿದಾವ’ ಎಂದು ಡಾಕ್ಟರು ಹೇಳಿದರೆ ಮನೆಯವರು ಮೊದಲು ಹುಡುಕುವುದು ಗಾಡಿಯನ್ನು. ಸಿಂಧನೂರು, ಬೇಕಾದರೆ ಅಲ್ಲಿಂದ ರಾಯಚೂರೋ ಬಳ್ಳಾರಿಯೋ. ಕೆಂಪು ರಕ್ತಕಣ ಫ್ರಿಜ್ಜಿನಲ್ಲಿ ಐದಾರು ವಾರ ಬಾಳುತ್ತದೆ. ತಾಲ್ಲೂಕು ಆಸ್ಪತ್ರೆಯ ರಕ್ತ ಶೇಖರಣಾ ಕೇಂದ್ರವೂ ಅದನ್ನು ಇಟ್ಟುಕೊಳ್ಳಬಹುದು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗೆ ಇರುವುದು ಐದೇ ದಿನ, ಅದೂ ಫ್ರಿಜ್ಜಿನ ಹೊರಗೆ.

ಈ ಐದು ದಿನದ ಮಿತಿಗೊಂದು ಇತಿಹಾಸವಿದೆ. 1910ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಡ್ಯೂಕ್, ತಾಜಾ ರಕ್ತ ಕೊಟ್ಟರೆ ಪ್ಲೇಟ್‌ಲೆಟ್ ಏರಿ ರಕ್ತಸ್ರಾವ ನಿಲ್ಲುವುದನ್ನು ತೋರಿಸಿದ. ಆಮೇಲಿನ ದಶಕಗಳು ಗಾಜಿನ ಬಾಟಲಿಯವು. ಪ್ಲೇಟ್‌ಲೆಟ್ ಗಾಜಿಗೆ ಅಂಟಿಕೊಳ್ಳುತ್ತದೆ. 1950ರ ಸುಮಾರಿಗೆ ಕಾರ್ಲ್ ವಾಲ್ಟರ್ ಮತ್ತು ವಿಲಿಯಂ ಮರ್ಫಿ ತಂದ ಪ್ಲಾಸ್ಟಿಕ್ ಚೀಲ ದಾರಿ ತೆರೆಯಿತು: ಒಂದಕ್ಕೊಂದು ಕೊಳವೆಯಲ್ಲಿ ಜೋಡಿಸಿದ ಚೀಲಗಳಲ್ಲಿ ಗಾಳಿ ಸೋಕಿಸದೆ ರಕ್ತದ ಘಟಕಗಳನ್ನು ಬೇರ್ಪಡಿಸಬಹುದಾಯಿತು. ರಕ್ತದ ಕ್ಯಾನ್ಸರಿನ ವಾರ್ಡುಗಳಿಂದ ಬೇಡಿಕೆಯೂ ಹುಟ್ಟಿತು.

ನಿಜವಾದ ತಿರುವು 1969ರದು. ಅಲ್ಲಿಯವರೆಗೆ ಪ್ಲೇಟ್‌ಲೆಟ್ ಕೂಡ 4 ಡಿಗ್ರಿಯ ತಂಪಿನಲ್ಲೇ ಇರುತ್ತಿತ್ತು. ತಂಪಿನಿಂದ ತೆಗೆದು ಏರಿಸಿದ ಪ್ಲೇಟ್‌ಲೆಟ್ ರೋಗಿಯ ಮೈಯಲ್ಲಿ ಬೇಗ ಮಾಯವಾಗುತ್ತದೆ, 22 ಡಿಗ್ರಿಯಲ್ಲಿ ಇಟ್ಟದ್ದು ದಿನಗಟ್ಟಲೆ ಓಡಾಡುತ್ತದೆ ಎಂದು ಸ್ಕಾಟ್ ಮರ್ಫಿ ಮತ್ತು ಫ್ರಾಂಕ್ ಗಾರ್ಡ್ನರ್ ತೋರಿಸಿದರು. ಕಾರಣ ತಿಳಿಯಲು 2003ರವರೆಗೆ ಕಾಯಬೇಕಾಯಿತು: ತಣ್ಣಗಾದ ಪ್ಲೇಟ್‌ಲೆಟ್‌ನ ಮೈಮೇಲಿನ ಪ್ರೋಟೀನುಗಳು ಗುಂಪುಗೂಡುತ್ತವೆ, ಯಕೃತ್ತಿನ ಭಕ್ಷಕ ಕೋಶಗಳು ಅವನ್ನು ಗುರುತಿಸಿ ಪ್ಲೇಟ್‌ಲೆಟ್ಟನ್ನೇ ನುಂಗುತ್ತವೆ.

ಬೆಚ್ಚಗಿನ ವಾಸ ತನ್ನದೇ ತಂಟೆಗಳನ್ನು ತಂದಿತು. 22 ಡಿಗ್ರಿಯಲ್ಲಿ ಪ್ಲೇಟ್‌ಲೆಟ್ ಉಸಿರಾಡುತ್ತಲೇ ಇರುತ್ತದೆ. ಆಮ್ಲಜನಕ ಸಾಲದಿದ್ದರೆ ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡು, ಪಿಎಚ್ 6.2ಕ್ಕಿಂತ ಇಳಿದು ಪ್ಲೇಟ್‌ಲೆಟ್ ಊದಿಕೊಂಡು ಸಾಯುತ್ತದೆ. ಅದಕ್ಕೇ ಚೀಲಗಳನ್ನು ಹಗಲೂ ರಾತ್ರಿ ತೊಟ್ಟಿಲಿನಂತೆ ತೂಗುವ ಯಂತ್ರ. ಅದಕ್ಕೇ ಗಾಳಿ ಹಾಯುವ ಹೊಸ ಪ್ಲಾಸ್ಟಿಕ್. ಚೀಲ ಸುಧಾರಿಸಿದಂತೆ ಮೂರು ದಿನ ಐದಾಯಿತು, 1984ರಲ್ಲಿ ಅಮೆರಿಕ ಏಳಕ್ಕೂ ಒಪ್ಪಿತು. ಆದರೆ ಆ ಹದದ ಬಿಸಿ ಬ್ಯಾಕ್ಟೀರಿಯಾಕ್ಕೂ ಹಿತವೇ. 1986ರಲ್ಲಿ ಮತ್ತೆ ಐದಕ್ಕೆ ಇಳಿಸಿದರು.

ತಯಾರಿಯಲ್ಲೂ ಕವಲುಗಳಿವೆ. ರಕ್ತವನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ತಿರುಗಿಸಿ ಪ್ಲೇಟ್‌ಲೆಟ್ ತೆಗೆಯುವುದು ಅಮೆರಿಕದ ರೂಢಿ. ಮೊದಲೇ ಜೋರಾಗಿ ತಿರುಗಿಸಿ ನಡುವಿನ ಬಿಳಿ ಪದರದಿಂದ ತೆಗೆಯುವುದು ಯುರೋಪಿನದು. ನಮ್ಮಲ್ಲಿ ಎರಡೂ ಇವೆ. ‘ಎಸ್‌ಡಿಪಿ’ ಎಂದರೆ ಯಂತ್ರಕ್ಕೆ ಜೋಡಿಸಿದ ಒಬ್ಬನೇ ದಾನಿಯಿಂದ ಸುಮಾರು 30,000 ಕೋಟಿ ಪ್ಲೇಟ್‌ಲೆಟ್. ಸಾಮಾನ್ಯ ರಕ್ತದಾನದ ರಕ್ತದಿಂದ ತೆಗೆದ ‘ಆರ್‌ಡಿಪಿ’ ಚೀಲವಾದರೆ ವಯಸ್ಕನಿಗೆ ನಾಲ್ಕರಿಂದ ಆರು ಬೇಕು.

ಈ 22 ಡಿಗ್ರಿಯ ‘ಕೋಣೆಯ ಉಷ್ಣತೆ’ ಅಮೆರಿಕದ ಊರಿನ ಕೋಣೆಯದು. ಮೇ ತಿಂಗಳ ರಾಯಚೂರಿನಲ್ಲಿ, ಹೊರಗೆ 40 ದಾಟಿದಾಗ, 22 ಡಿಗ್ರಿ ಎಂದರೆ ನಿಲ್ಲದ ಕರೆಂಟು, ಜನರೇಟರು, ತೂಗುವ ಯಂತ್ರ. ಹಳ್ಳಿಯ ಶಿಬಿರದ ರಕ್ತ ಕೆಲವೇ ಗಂಟೆಗಳೊಳಗೆ ಘಟಕ ಬೇರ್ಪಡಿಸುವ ಕೇಂದ್ರ ಸೇರಬೇಕು; ದಾರಿಯಲ್ಲಿ ಐಸಿನ ಡಬ್ಬಿಗೆ ಹಾಕಿದರೆ ಕೆಂಪು ಕಣ ಉಳಿಯುತ್ತದೆ, ಪ್ಲೇಟ್‌ಲೆಟ್ ಕೈಬಿಟ್ಟಂತೆ. ದೊಡ್ಡ ಊರಿನ ಕ್ಯಾನ್ಸರ್ ಆಸ್ಪತ್ರೆಗೆ ಹೊಂದಿಸಿದ ವ್ಯವಸ್ಥೆ ಇದು, ಬಳಗಾನೂರಿನಂಥ ಹಳ್ಳಿಗಾಡಿಗಲ್ಲ.

ಡೆಂಗಿಯ ಗಾಬರಿಯಲ್ಲಿ ಓಡುವ ಎಷ್ಟೋ ಗಾಡಿಗಳು ಓಡಬೇಕಾಗಿಯೇ ಇರಲಿಲ್ಲ ಎಂಬುದೂ ನಿಜ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಣಿಕೆ 20,000ಕ್ಕೆ ಇಳಿದರೂ ರಕ್ತಸ್ರಾವವಿಲ್ಲದ ವಯಸ್ಕ ಡೆಂಗಿ ರೋಗಿಗಳಿಗೆ ಮುನ್ನೆಚ್ಚರಿಕೆಗೆಂದು ಏರಿಸಿದ ಪ್ಲೇಟ್‌ಲೆಟ್‌ನಿಂದ ರಕ್ತಸ್ರಾವ ತಗ್ಗಲಿಲ್ಲ. ಎಣಿಕೆಯ ಚೀಟಿಗಿಂತ ನಾಡಿ, ರಕ್ತದೊತ್ತಡ, ರಕ್ತದ ಸಾಂದ್ರತೆ ನೋಡಿ ದ್ರವ ಕೊಡುವುದೇ ಡೆಂಗಿಯಲ್ಲಿ ಮುಖ್ಯ ಚಿಕಿತ್ಸೆ.

ನಿಜಕ್ಕೂ ರಕ್ತ ಸುರಿಯುವವರ ಮಾತು ಬೇರೆ. ಹೆರಿಗೆಯಲ್ಲಿ ರಕ್ತ ನಿಲ್ಲದ ತಾಯಿಗೆ, ಅಪಘಾತದಲ್ಲಿ ಜಜ್ಜಿಹೋದವನಿಗೆ ಪ್ಲೇಟ್‌ಲೆಟ್ ದಿನಗಟ್ಟಲೆ ಓಡಾಡಬೇಕಿಲ್ಲ, ಆ ಗಳಿಗೆಗೆ ಹೆಪ್ಪುಗಟ್ಟಿಸಿದರೆ ಸಾಕು. ಹೀಗಾಗಿ 1969ರ ಬಳಿಕ ಹೊರಹಾಕಿದ ಫ್ರಿಜ್ಜು ಮರಳಿ ಬರುತ್ತಿದೆ. ತಂಪಿನ ಪ್ಲೇಟ್‌ಲೆಟ್ ಬೇಗ ಚುರುಕಾಗುತ್ತದೆ, ಬ್ಯಾಕ್ಟೀರಿಯಾ ಬೆಳೆಯುವುದು ಕಡಿಮೆ, ತೂಗಬೇಕಾಗಿಲ್ಲ. ಸಾಮಾನ್ಯ ಪ್ಲೇಟ್‌ಲೆಟ್ ಸಿಗದ ಕಡೆ, ರಕ್ತಸ್ರಾವ ಆಗುತ್ತಿರುವವರಿಗೆ, 1ರಿಂದ 6 ಡಿಗ್ರಿಯಲ್ಲಿ 14 ದಿನ ಇಟ್ಟು ಬಳಸಲು ಅಮೆರಿಕದ ಔಷಧ ನಿಯಂತ್ರಕರು 2023ರಲ್ಲಿ ದಾರಿ ಮಾಡಿಕೊಟ್ಟರು. ಭಾರತದಲ್ಲಿ ಇಂದಿಗೂ ರೂಢಿಯಲ್ಲಿರುವುದು 20ರಿಂದ 24 ಡಿಗ್ರಿಯ ಚೀಲವೇ. ಈ ತಂಪಿನ ಪದ್ಧತಿಯನ್ನು ಇಲ್ಲಿ ಪರೀಕ್ಷಿಸಿ ನೋಡುವುದಾದರೆ ಅದಕ್ಕೆ ತಕ್ಕ ಜಾಗ ಬೆಂಗಳೂರಲ್ಲ, ಕೆಂಪು ರಕ್ತಕ್ಕೆಂದು ಈಗಾಗಲೇ ಫ್ರಿಜ್ಜು ಇಟ್ಟುಕೊಂಡಿರುವ ತಾಲ್ಲೂಕು ಆಸ್ಪತ್ರೆಗಳ ಶೇಖರಣಾ ಕೇಂದ್ರಗಳು.